ಹೋಗುವಾಗ ಶಾಂತ, ಬರುವಾಗ ಅಳಿವೆಯಲ್ಲಿ ಎದ್ದು ನಿಂತ ಅಲೆ: ಯಾಕೆ ಹೀಗಾಗುತ್ತೆ?

ಪ್ರಶ್ನೆ: ನಾವು ಬ್ರಹ್ಮಾವರದ ನಾಲ್ವರು ಗೆಳೆಯರು. ಎಲ್ಲರೂ ಸೇರಿ 18 ಅಡಿಯ ಹಳೇ ಫೈಬರ್ ದೋಣಿ, 9.9 ಎಚ್‌ಪಿಯ ಔಟ್‌ಬೋರ್ಡ್ ಎಂಜಿನ್ ಕೊಂಡಿದ್ದೇವೆ. ಫೆಬ್ರವರಿಯಲ್ಲಿ, ಹುಣ್ಣಿಮೆಯ ಮರುದಿನ, ಬೆಳಿಗ್ಗೆ ಎಂಟೂವರೆಗೆ ಕೋಡಿಬೇಂಗ್ರೆ ಅಳಿವೆ (ನದಿ ಕಡಲು ಸೇರುವ ಬಾಯಿ) ದಾಟಿ ಗಾಳ ಹಾಕಲು ಹೊರಗೆ ಹೋದೆವು. ಅಲೆ ಅನ್ನುವುದೇ ಇರಲಿಲ್ಲ. ಫೋನಿನ ಆ್ಯಪ್ ಕೂಡ ದಿನವಿಡೀ ಗಾಳಿ ಕಡಿಮೆ ಅಂತಲೇ ತೋರಿಸುತ್ತಿತ್ತು. ಮಧ್ಯಾಹ್ನ ಎರಡೂಮುಕ್ಕಾಲಿಗೆ ವಾಪಸ್ ಬಂದರೆ ಅದೇ ಅಳಿವೆಯಲ್ಲಿ ಅಲೆಗಳು ಗೋಡೆ ಎದ್ದ ಹಾಗೆ ನಿಂತಿದ್ದವು. ಹಿಂದಿನಿಂದ ಒಂದು ಅಲೆ ಎತ್ತಿ ದೋಣಿಯನ್ನು ಅಡ್ಡ ತಿರುಗಿಸಿತು. ಮಗುಚಲಿಲ್ಲ, ಅಷ್ಟೇ. ಹವಾಮಾನ ಹಠಾತ್ತಾಗಿ ಕೆಟ್ಟಿತಾ? ಇದನ್ನು ಮೊದಲೇ ತಿಳಿಯೋದು ಹೇಗೆ? 25 ಎಚ್‌ಪಿ ಎಂಜಿನ್ ಹಾಕಿದರೆ ಸರಿಹೋಗುತ್ತಾ?

ಉತ್ತರ: ಹವಾಮಾನ ಕೆಡಲಿಲ್ಲ. ಅಂದು ಹೊರಗಿನ ಕಡಲಲ್ಲಿ ವಿಶೇಷವಾದದ್ದೇನೂ ನಡೆದಿರಲಿಕ್ಕಿಲ್ಲ. ನೀವು ಹೋಗಿದ್ದು ಒಳ್ಳೆಯ ಹೊತ್ತಿಗೆ, ಬಂದಿದ್ದು ಆ ದಿನದ ಅತಿ ಕೆಟ್ಟ ಹೊತ್ತಿಗೆ. ಆ ಕೆಟ್ಟ ಹೊತ್ತು ಯಾವುದು ಅಂತ ಹಿಂದಿನ ರಾತ್ರಿಯೇ ಕ್ಯಾಲೆಂಡರ್ ನೋಡಿ ಹೇಳಬಹುದಿತ್ತು.

ನಿಮ್ಮ ಪ್ರಶ್ನೆಯಲ್ಲೇ ಬೇಕಾದ್ದೆಲ್ಲ ಇದೆ: ಹುಣ್ಣಿಮೆಯ ಮರುದಿನ, ಎರಡೂಮುಕ್ಕಾಲು ಗಂಟೆ, ನದಿ ಬಾಯಿ. ಒಂದೊಂದಾಗಿ ನೋಡೋಣ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನದಿಂದ ದಿನಕ್ಕೆ ಉಬ್ಬರದ ಹೊತ್ತು 50 ನಿಮಿಷದಷ್ಟು ಮುಂದೆ ಹೋಗುತ್ತೆ. ಪಂಚಾಂಗದ ಲೆಕ್ಕದಲ್ಲಿ ಹೇಳಿದರೆ ತಿಥಿಗೆ ಎರಡು ಗಳಿಗೆ, ಅಂದರೆ 48 ನಿಮಿಷ. ಎರಡೂ ಲೆಕ್ಕ ಹೆಚ್ಚುಕಡಿಮೆ ಒಂದೇ. ಉಡುಪಿ, ಮಂಗಳೂರು ಕಡೆ ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ತುದಿ ಮುಟ್ಟುವುದು ಬೆಳಿಗ್ಗೆ ಹನ್ನೊಂದು, ಹನ್ನೆರಡರ ಆಸುಪಾಸಿನಲ್ಲಿ. ಅಲ್ಲಿಂದ ಸುಮಾರು ಆರು ಗಂಟೆ ಕಳೆದು, ಸಂಜೆ ಐದಾರರ ಹೊತ್ತಿಗೆ ತಳ ಮುಟ್ಟುತ್ತೆ. ನಡುವಿನ ಹೊತ್ತು ಯಾವುದು? ಎರಡರಿಂದ ಮೂರೂವರೆ.

ನೀರು ಒಂದೇ ಸಮ ಇಳಿಯುವುದಿಲ್ಲ. ಹಳೇ ನಾವಿಕರ ಅಂದಾಜಿನ ಲೆಕ್ಕ ಒಂದಿದೆ. ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೇ ಗಂಟೆಯಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ನಮ್ಮಲ್ಲಿ ಹುಣ್ಣಿಮೆ ಆಸುಪಾಸಿನ ಉಬ್ಬರ ಇಳಿತದ ಅಂತರ ಸುಮಾರು ಒಂದೂವರೆ ಮೀಟರ್ ಅಂದುಕೊಂಡರೆ ಮೊದಲ ಗಂಟೆಯಲ್ಲಿ ನೀರು ಇಳಿಯೋದು 12 ಸೆಂಟಿಮೀಟರ್, ಮೂರನೇ ಗಂಟೆಯಲ್ಲಿ 37. ಸೀತಾ, ಸ್ವರ್ಣಾ ಎರಡೂ ನದಿಗಳ ಹಿನ್ನೀರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹರಡಿಕೊಂಡ ಅಷ್ಟೂ ನೀರು ಆ ಒಂದು ಕಿರಿದಾದ ಬಾಯಿಯಿಂದಲೇ ಹೊರಗೆ ಹೋಗಬೇಕು. ಅದರ ಜೊತೆಗೆ ನದಿಯ ಸ್ವಂತ ಹರಿವೂ ಸೇರುತ್ತೆ. ಅದಕ್ಕೇ ಇಳಿತದ ಸೆಳೆತ ಸಾಮಾನ್ಯವಾಗಿ ಉಬ್ಬರದ ಸೆಳೆತಕ್ಕಿಂತ ಒಂದು ಕೈ ಜೋರು.

ಬರೀ ಸೆಳೆತ ಇದ್ದರೆ ಅಪಾಯ ಇಲ್ಲ. ಎಂಜಿನ್ ಸ್ವಲ್ಪ ಜಾಸ್ತಿ ಒದ್ದಾಡುತ್ತೆ, ಅಷ್ಟೇ. ತೊಂದರೆ ಶುರುವಾಗೋದು ಹೊರಗೆ ಹೋಗುವ ನೀರಿಗೆ ಒಳಗೆ ಬರುವ ಅಲೆ ಎದುರಾದಾಗ. ಎದುರು ನೀರಿಗೆ ಸಿಕ್ಕಿದ ಅಲೆ ಗಿಡ್ಡವಾಗುತ್ತೆ, ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಇರುವ ದೂರ ಕಮ್ಮಿಯಾಗುತ್ತೆ. ಆ ಶಕ್ತಿ ಎಲ್ಲಿಗೆ ಹೋಗಬೇಕು? ಮೇಲಕ್ಕೆ. ಅಲೆ ಎತ್ತರವಾಗಿ, ಕಡಿದಾಗಿ ನಿಲ್ಲುತ್ತೆ. ಗಾಳಿಯಿಂದ ಅಲ್ಲೇ ಹುಟ್ಟಿದ ಸಣ್ಣ ಅಲೆಗಳ ಕಥೆ ಇನ್ನೂ ಸ್ಪಷ್ಟ. ನಾಲ್ಕು ಸೆಕೆಂಡಿಗೊಂದರಂತೆ ಬರುವ ಅಲೆಯ ವೇಗ ಸುಮಾರು 12 ನಾಟ್ (ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್). ಎದುರಿನ ಸೆಳೆತ ಅದರ ಕಾಲು ಭಾಗ, ಅಂದರೆ 3 ನಾಟ್ ಮುಟ್ಟಿದರೆ ಆ ಅಲೆಗೆ ಮುಂದೆ ಹೋಗಲಿಕ್ಕೇ ಆಗುವುದಿಲ್ಲ. ಅಲ್ಲೇ ನಿಂತು ಒಡೆಯುತ್ತೆ. ನೀವು ‘ನಿಂತಿದ್ದವು’ ಅಂತ ಬರೆದಿದ್ದೀರಲ್ಲ, ಸರಿಯಾಗಿಯೇ ನೋಡಿದ್ದೀರಿ.

ಆ ಸಣ್ಣ ಅಲೆಗಳು ಬಂದಿದ್ದು ಎಲ್ಲಿಂದ? ಡಿಸೆಂಬರ್‌ನಿಂದ ಮೇವರೆಗೆ ನಮ್ಮ ಕರಾವಳಿಯ ದಿನಚರಿ ಒಂದೇ ಥರ. ರಾತ್ರಿಯಿಂದ ಬೆಳಗಿನವರೆಗೆ ನೆಲದಿಂದ ಮೂಡು ಗಾಳಿ. ಅದು ಕಡಲಿನ ಕಡೆ ಬೀಸುವುದರಿಂದ ದಂಡೆ ಹತ್ತಿರ ಅಲೆ ಏಳುವುದಿಲ್ಲ. ಹತ್ತು, ಹನ್ನೊಂದರ ಹೊತ್ತಿಗೆ ನೆಲ ಕಾಯುತ್ತೆ, ಗಾಳಿ ತಿರುಗುತ್ತೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಪಡು ಗಾಳಿ, ಹೆಚ್ಚಾಗಿ ವಾಯವ್ಯದ ಕಡೆಯಿಂದ, ತನ್ನ ಪೂರ್ತಿ ಜೋರಿನಲ್ಲಿರುತ್ತೆ. ಈಗ ಎರಡೂ ಕೂಡಿಸಿ ನೋಡಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಳಿತದ ಸೆಳೆತ ಅತಿ ಜೋರಾಗಿರುವ ಹೊತ್ತೂ, ಪಡು ಗಾಳಿ ಅತಿ ಜೋರಾಗಿರುವ ಹೊತ್ತೂ ಒಂದೇ. ಅದೂ ಎಲ್ಲರೂ ಊಟಕ್ಕೆ ಮನೆ ಸೇರೋಣ ಅಂತ ದೋಣಿ ತಿರುಗಿಸುವ ಹೊತ್ತು.

ಬೆಳಿಗ್ಗೆ ಎಂಟೂವರೆಗೆ ಆಗಿದ್ದು ಇದರ ತದ್ವಿರುದ್ಧ. ಉಬ್ಬರ ಏರುತ್ತಿತ್ತು, ನೀರು ಒಳಗೆ ಬರುತ್ತಿತ್ತು. ಅಲೆಯೂ ನೀರೂ ಒಂದೇ ದಿಕ್ಕಿಗೆ ಹೋಗುವಾಗ ಅಲೆ ಹಿಗ್ಗುತ್ತೆ, ಮಟ್ಟಸವಾಗುತ್ತೆ. ಮೂಡು ಗಾಳಿ ಬೇರೆ. ನಿಮಗೆ ಅಲೆ ಕಾಣದಿದ್ದುದು ಅದಕ್ಕೆ. ಅಲೆ ಇರಲಿಲ್ಲ ಅಂತಲ್ಲ.

ಇನ್ನು ಅಳಿವೆಯ ಮರಳ ದಿಬ್ಬ. ನದಿ ತಂದು ಹಾಕಿದ ಮರಳು, ಕಡಲು ತಳ್ಳಿದ ಮರಳು ಎರಡೂ ಸೇರಿ ಬಾಯಿಗೆ ಅಡ್ಡವಾಗಿ ಕೂತಿರುತ್ತೆ. ಅಲೆಯ ಎತ್ತರ ನೀರಿನ ಆಳದ ಮುಕ್ಕಾಲು ಪಾಲಿಗಿಂತ ಸ್ವಲ್ಪ ಜಾಸ್ತಿಯಾದರೆ ಅದು ಒಡೆಯುತ್ತೆ, ಇದು ಒರಟು ಲೆಕ್ಕ. ದಿಬ್ಬದ ಮೇಲೆ ಉಬ್ಬರದಲ್ಲಿ ಮೂರು ಮೀಟರ್ ನೀರಿದ್ದರೆ ಎರಡು ಮೀಟರಿನ ಅಲೆಯೂ ಒಡೆಯದೆ ದಾಟಿ ಹೋಗುತ್ತೆ. ಇಳಿತದ ತಳದಲ್ಲಿ ಅಲ್ಲಿ ಒಂದೂವರೆ ಮೀಟರ್ ಉಳಿದಿದ್ದರೆ 1.2 ಮೀಟರಿನ ಅಲೆ ಸಾಕು, ನಿಮ್ಮ ಬೆನ್ನ ಹಿಂದೆಯೇ ಒಡೆಯುತ್ತೆ. ಈ ದಿಬ್ಬ ಇದ್ದಲ್ಲೇ ಇರುವುದೂ ಇಲ್ಲ. ಪ್ರತಿ ಮಳೆಗಾಲ ಅದನ್ನು ಕಲಸಿ ಬೇರೆ ಕಡೆ ಇಡುತ್ತೆ. ಹೊನ್ನಾವರದ ಶರಾವತಿ ಅಳಿವೆ, ಗಂಗೊಳ್ಳಿ, ಮಂಗಳೂರಿನ ಅಳಿವೆ ಬಾಗಿಲು, ಎಲ್ಲ ಕಡೆಯೂ ಹೂಳಿನದ್ದೇ ಗೋಳು. ಹೋದ ವರ್ಷ ಫೋನಿನಲ್ಲಿ ಗುರುತು ಹಾಕಿಟ್ಟುಕೊಂಡ ದಾರಿಯನ್ನು ಈ ವರ್ಷ ಅಕ್ಟೋಬರಿನಲ್ಲಿ ನಂಬಬೇಡಿ.

ಈಗ ದೋಣಿ ಯಾಕೆ ತಿರುಗಿತು ಅನ್ನೋದು. ಎರಡೂವರೆ ಮೀಟರ್ ಆಳದಲ್ಲಿ ಅಲೆಯ ವೇಗ ಸುಮಾರು ಒಂಬತ್ತೂವರೆ ನಾಟ್. ನಾಲ್ಕು ಜನ, ಐಸ್ ಪೆಟ್ಟಿಗೆ, ಪೆಟ್ರೋಲ್ ಡಬ್ಬ ಇಟ್ಟುಕೊಂಡ 9.9 ಎಚ್‌ಪಿ ದೋಣಿ ಅದಕ್ಕಿಂತ ನಿಧಾನ. ಹಾಗಾಗಿ ಅಲೆ ಹಿಂದಿನಿಂದ ಬಂದು ನಿಮ್ಮನ್ನು ಹಿಡಿಯುತ್ತೆ. ಹಿಂಭಾಗ ಮೇಲೆ ಏಳುತ್ತೆ, ಮೂತಿ ಕೆಳಗಿನ ತಗ್ಗಿಗೆ ಚುಚ್ಚುತ್ತೆ. ಅಲೆಯ ತುದಿಯಲ್ಲಿರುವ ನೀರು ದೋಣಿ ಹೋಗುವ ದಿಕ್ಕಿಗೇ ಓಡುತ್ತಿರುವುದರಿಂದ ಎಂಜಿನ್ನಿನ ಫ್ಯಾನಿಗೆ (ಪ್ರೊಪೆಲರ್) ಹಿಡಿತ ಸಿಗುವುದಿಲ್ಲ. ಆ ಎರಡು ಮೂರು ಸೆಕೆಂಡು ನಿಮ್ಮ ಕೈಯಲ್ಲಿರುವ ಹಿಡಿ ಸುಮ್ನೆ ಅಲಂಕಾರಕ್ಕೆ. ಮೂತಿ ನಿಂತಿದೆ, ಬೆನ್ನನ್ನು ಅಲೆ ತಳ್ಳುತ್ತಿದೆ, ದೋಣಿ ಅಡ್ಡ ತಿರುಗದೆ ಇನ್ನೇನು ಮಾಡೀತು? ಅಡ್ಡ ತಿರುಗಿದ ಮೇಲೆ ಮುಂದಿನ ಅಲೆ ಎಂಥದ್ದು ಅನ್ನೋದರ ಮೇಲೆ ಎಲ್ಲ ನಿಂತಿದೆ. ನಿಮಗೆ ಸಣ್ಣದು ಸಿಕ್ಕಿದೆ.

2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಮಗುಚಿ ಹಲವರು ತೀರಿಕೊಂಡದ್ದು ನೆನಪಿರಬಹುದು. ಮಿತಿ ಮೀರಿ ಜನ ಹತ್ತಿದ್ದರು, ದೊಡ್ಡ ಅಲೆ ಹೊಡೆಯಿತು ಅಂತ ಆಗ ವರದಿಯಾಯಿತು. ಇಳಿತವೇ ಅದಕ್ಕೆ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಜಾತ್ರೆ ನಡೆಯುವುದೇ ಪುಷ್ಯ ಹುಣ್ಣಿಮೆಗೆ. ನಮ್ಮ ಕಡಲ ದಂಡೆಯ ಎಷ್ಟೋ ಹಬ್ಬಗಳು, ಸಮುದ್ರ ಸ್ನಾನಗಳು ಬರುವುದು ಹುಣ್ಣಿಮೆ ಅಮಾವಾಸ್ಯೆಗೇ. ಜನ ದೋಣಿ ಹತ್ತುವ ದಿನವೇ ಸೆಳೆತವೂ ಜಾಸ್ತಿ.

ಆ್ಯಪ್ ವಿಷಯಕ್ಕೆ ಬರೋಣ. ನೀವು ನೋಡಿದ್ದು ಗಾಳಿ ಮಾತ್ರ. ಅದೂ ಊರಿನ ಹೆಸರು ಹಾಕಿ ಹುಡುಕಿದರೆ ಅದು ನೆಲದ ಮೇಲಿನ ಗಾಳಿ. ದೋಣಿಯವರಿಗೆ ಬೇಕಾದ್ದು ಇನ್ನೂ ಎರಡು ಅಂಕಿ: ಸ್ವೆಲ್‌ನ ಎತ್ತರ ಮತ್ತು ಅದರ ಅವಧಿ, ಅಂದರೆ ಒಂದು ಅಲೆಯಿಂದ ಮುಂದಿನ ಅಲೆಗೆ ಎಷ್ಟು ಸೆಕೆಂಡ್ ಅನ್ನೋದು. ಸ್ವೆಲ್ ಅಂದರೆ ಎಲ್ಲೋ ದೂರದ ಗಾಳಿಗೆ ಹುಟ್ಟಿ, ಆ ಗಾಳಿಯನ್ನು ಅಲ್ಲೇ ಬಿಟ್ಟು ಇಲ್ಲಿವರೆಗೆ ನಡೆದುಕೊಂಡು ಬಂದ ಅಲೆ. ನಮ್ಮ ದಂಡೆಗೆ ಬರುವ ಉದ್ದನೆಯ ಸ್ವೆಲ್‌ಗಳ ತವರು ಹಿಂದೂ ಮಹಾಸಾಗರದ ದಕ್ಷಿಣದ ತುದಿ, ಅಂಟಾರ್ಟಿಕಾದ ಕಡೆ. ಅಲ್ಲಿ ಬಿರುಗಾಳಿ ಬೀಸಿ ಐದಾರು ದಿನಕ್ಕೆ ಆ ಅಲೆ ಮಲ್ಪೆಯ ಮರಳು ಮುಟ್ಟುತ್ತೆ. ಆಕಾಶ ತಿಳಿಯಾಗಿರುತ್ತೆ, ಎಲೆ ಅಲುಗುತ್ತಿರುವುದಿಲ್ಲ, ಆದರೂ ದಂಡೆಯಲ್ಲಿ ಅಲೆ ಮೇಲೇರಿ ಬರುತ್ತೆ. ಕೇರಳದವರು ಇದನ್ನೇ ಕಳ್ಳಕ್ಕಡಲ್ ಅನ್ನುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಇದರ ಕಾಟ ಹೆಚ್ಚು.

ಅವಧಿ ಯಾಕೆ ಮುಖ್ಯ ಅಂದರೆ, ಒಂದೇ ಎತ್ತರದ ಎರಡು ಅಲೆ ದಿಬ್ಬದ ಮೇಲೆ ಒಂದೇ ಥರ ನಡೆದುಕೊಳ್ಳುವುದಿಲ್ಲ. ಹೊರಗೆ 0.8 ಮೀಟರ್ ಇರುವ, 6 ಸೆಕೆಂಡಿನ ಅಲೆ ಮೂರು ಮೀಟರ್ ಆಳಕ್ಕೆ ಬಂದರೂ ಅಷ್ಟೇ ಎತ್ತರ ಇರುತ್ತೆ. ಅದೇ 0.8 ಮೀಟರಿನ, 14 ಸೆಕೆಂಡಿನ ಸ್ವೆಲ್ ಅಲ್ಲಿಗೆ ಬರುವಾಗ 1.1 ಮೀಟರ್ ದಾಟುತ್ತೆ. ಇದು ಎದುರು ಸೆಳೆತ ಸೇರಿಸದ ಲೆಕ್ಕ. ಹಾಗಾಗಿ ಅವಧಿ 12 ಸೆಕೆಂಡ್ ಮೀರಿದ್ದರೆ ಎತ್ತರ ಕಡಿಮೆ ಇದ್ದರೂ ಅಳಿವೆಯನ್ನು ಅನುಮಾನದಿಂದ ನೋಡಿ.

ಇನ್ನೊಂದು. ಮುನ್ಸೂಚನೆಯಲ್ಲಿ ‘ಅಲೆ 1 ಮೀಟರ್’ ಅಂತಿದ್ದರೆ ಎಲ್ಲ ಅಲೆಯೂ ಒಂದು ಮೀಟರ್ ಅಂತ ಅರ್ಥ ಅಲ್ಲ. ಎಲ್ಲ ಅಲೆಗಳಲ್ಲಿ ಅತಿ ದೊಡ್ಡದಾದ ಮೂರನೇ ಒಂದು ಭಾಗವನ್ನು ಮಾತ್ರ ತೆಗೆದು ಮಾಡಿದ ಸರಾಸರಿ ಅದು. ಸಾವಿರ ಅಲೆಗೆ ಒಂದು ಹೆಚ್ಚುಕಡಿಮೆ ಅದರ ಎರಡು ಪಟ್ಟು ಇರುತ್ತೆ. ಹತ್ತು ಸೆಕೆಂಡಿಗೊಂದು ಅಲೆ ಅಂದರೆ ಮೂರು ಗಂಟೆಗೆ ಸಾವಿರ ಅಲೆ. ಅರ್ಧ ದಿನ ಹೊರಗಿದ್ದವನಿಗೆ ಅಂಥದ್ದು ಒಂದಾದರೂ ಸಿಕ್ಕೇ ಸಿಗುತ್ತೆ.

ಈ ಅಂಕಿಗಳೆಲ್ಲ ಹೈದರಾಬಾದಿನ ಇನ್‌ಕಾಯ್ಸ್ (INCOIS) ಅನ್ನುವ ಸರ್ಕಾರಿ ಸಾಗರ ಮಾಹಿತಿ ಸಂಸ್ಥೆಯ ಮುನ್ಸೂಚನೆಯಲ್ಲಿ ಸಿಗುತ್ತವೆ, ದುಡ್ಡು ಕೊಡಬೇಕಾಗಿಲ್ಲ. ಸಣ್ಣ ದೋಣಿಗಳಿಗೆ ಅಂತಲೇ, ದೋಣಿಯ ಅಗಲದ ಲೆಕ್ಕದಲ್ಲಿ ಎಲ್ಲಿ ಮಗುಚುವ ಅಪಾಯ ಇದೆ ಅಂತ ತಿಳಿಸುವ ಸೇವೆಯೂ ಅವರಲ್ಲಿದೆ. ಚೆನ್ನಾಗಿದೆ, ನೋಡಿ. ಆದರೆ ಅದು ತೆರೆದ ಕಡಲಿನದ್ದು. ನಿಮ್ಮ ಅಳಿವೆಯಷ್ಟು ಚಿಕ್ಕ ಜಾಗದಲ್ಲಿ ಸೆಳೆತ, ದಿಬ್ಬ, ಅಲೆ ಸೇರಿ ಏನು ಮಾಡುತ್ತವೆ ಅನ್ನೋದನ್ನು ಯಾವ ಆ್ಯಪ್ಪೂ ಹೇಳುವುದಿಲ್ಲ. ಅದನ್ನು ನೀವೇ ಲೆಕ್ಕ ಹಾಕಬೇಕು.

ಲೆಕ್ಕ ಕಷ್ಟ ಏನಲ್ಲ. ಮಲ್ಪೆ ಅಥವಾ ಮಂಗಳೂರಿನ ಉಬ್ಬರ ಇಳಿತದ ಪಟ್ಟಿ ತೆಗೆದುಕೊಳ್ಳಿ. ಅಧಿಕೃತ ಪಟ್ಟಿಯನ್ನು ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಹೊರಡಿಸುತ್ತೆ. ಅದರಲ್ಲಿ 0.3 ಮೀಟರ್ ಅಂತ ಬರೆದಿದ್ದರೆ ಅಳಿವೆಯಲ್ಲಿ ಅಷ್ಟೇ ನೀರು ಅಂತ ಗಾಬರಿಯಾಗಬೇಡಿ. ಅದು ಕಡಲ ನಕ್ಷೆಯಲ್ಲಿ ಬರೆದಿರುವ ಆಳದ ಮೇಲೆ ಇನ್ನೆಷ್ಟು ನೀರು ಅನ್ನುವ ಲೆಕ್ಕ. ನಮ್ಮ ಕಡೆ ದಿನದ ಎರಡು ಇಳಿತ ಒಂದೇ ಮಟ್ಟಕ್ಕೆ ಹೋಗುವುದೂ ಇಲ್ಲ, ಒಂದು ಜಾಸ್ತಿ ಇಳಿಯುತ್ತೆ, ಇನ್ನೊಂದು ಕಮ್ಮಿ. ಜಾಸ್ತಿ ಇಳಿಯುವುದು ಯಾವುದು ಅಂತ ಮೊದಲು ಗುರುತಿಸಿ.

ಪಟ್ಟಿಯ ಹೊತ್ತಿಗೇ ನದಿ ಬಾಯಿಯ ನೀರು ತಿರುಗುತ್ತೆ ಅಂದುಕೊಳ್ಳಬೇಡಿ. ಹೊರಗೆ ಉಬ್ಬರ ಮುಗಿದ ಮೇಲೂ ಹಿನ್ನೀರು ತುಂಬಿಕೊಳ್ಳುತ್ತಲೇ ಇರುತ್ತೆ. ನೀರು ನಿಂತು ತಿರುಗಲು ಅರ್ಧ ಗಂಟೆಯೋ, ಒಂದು ಗಂಟೆಯೋ ತಡ ಆಗುತ್ತೆ. ಎಷ್ಟು ತಡ ಅನ್ನೋದು ಅಳಿವೆಯಿಂದ ಅಳಿವೆಗೆ ಬೇರೆ. ಇದನ್ನು ತಿಳಿಯಲು ಒಂದು ಭಾನುವಾರ ದೋಣಿ ಇಳಿಸದೆ ದಂಡೆಯಲ್ಲಿ ಕೂರಬೇಕು. ಲಂಗರು ಹಾಕಿದ ದೋಣಿಗಳ ಮೂತಿ ಯಾವ ಹೊತ್ತಿಗೆ ತಿರುಗುತ್ತೆ ಅಂತ ಬರೆದಿಟ್ಟುಕೊಳ್ಳಿ. ಮರುವಾಯಿ (ಚಿಪ್ಪುಮೀನು) ಹೆಕ್ಕುವ ಹೆಂಗಸರನ್ನು ಕೇಳಿ. ನೀರು ಎಷ್ಟು ಹೊತ್ತಿಗೆ ಎಲ್ಲಿವರೆಗೆ ಇಳಿಯುತ್ತೆ ಅನ್ನೋದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ಸೆಳೆತ ಅಳೆಯಲಿಕ್ಕೂ ಯಂತ್ರ ಬೇಡ. ಬಾಯಿಯ ಹತ್ತಿರ ಲಂಗರು ಹಾಕಿ. ತೆಂಗಿನ ಸಿಪ್ಪೆಯ ಒಂದು ತುಂಡನ್ನು ಮೂತಿಯ ಪಕ್ಕ ನೀರಿಗೆ ಬಿಡಿ. ಅದು ಹಿಂಭಾಗ ದಾಟಲು ಎಷ್ಟು ಸೆಕೆಂಡ್ ಬೇಕು ಅಂತ ಎಣಿಸಿ. ನಿಮ್ಮ 18 ಅಡಿ ದೋಣಿಗೆ 11 ಸೆಕೆಂಡ್ ಆದರೆ ಸೆಳೆತ 1 ನಾಟ್. ಐದು ಸೆಕೆಂಡ್ ಆದರೆ 2 ನಾಟ್. ನಾಲ್ಕಕ್ಕಿಂತ ಕಮ್ಮಿ ಅಂದರೆ 3 ನಾಟ್ ಹತ್ತಿರ ಬಂದಿದೆ, ಮೇಲೆ ಹೇಳಿದ ಅಲೆ ನಿಲ್ಲುವ ಆಟ ಶುರು.

ಇಷ್ಟು ಗೊತ್ತಾದ ಮೇಲೆ ದಿನ ಆರಿಸುವುದು ಸುಲಭ. ಹೊರಡುವ ಹೊತ್ತನ್ನು ಮೊದಲು ನೋಡಬೇಡಿ. ವಾಪಸ್ ಅಳಿವೆಗೆ ಬರುವ ಹೊತ್ತನ್ನು ಮೊದಲು ಗೊತ್ತು ಮಾಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಹುಣ್ಣಿಮೆ, ಅಮಾವಾಸ್ಯೆ ಮತ್ತು ಆಮೇಲಿನ ಎರಡು ಮೂರು ದಿನ ಬೆಳಕು ಹರಿಯುವಾಗ ಹೊರಟು, ಉಬ್ಬರ ತುದಿ ಮುಟ್ಟುವ ಮೊದಲೇ, ಹನ್ನೊಂದರ ಸುಮಾರಿಗೆ ಒಳಗೆ ಬಂದುಬಿಡಿ. ಮಧ್ಯಾಹ್ನದವರೆಗೆ ಹೊರಗೆ ಇರಲೇಬೇಕು ಅಂದರೆ ಅಷ್ಟಮಿ, ನವಮಿಯ ಆಸುಪಾಸು ಆರಿಸಿ. ಆಗ ಇಳಿತ ತಳ ಮುಟ್ಟುವುದು ಮಧ್ಯಾಹ್ನದ ಹೊತ್ತಿಗೆ, ಮೂರು ನಾಲ್ಕಕ್ಕೆ ಬರುವಾಗ ನೀರು ನಿಮ್ಮ ಜೊತೆಯಲ್ಲೇ ಒಳಗೆ ಬರುತ್ತಿರುತ್ತೆ. ಅಂತರವೂ ಕಮ್ಮಿ, ಸೆಳೆತವೂ ಕಮ್ಮಿ. ಗಾಳಿ ಮಾತ್ರ ಅಷ್ಟೇ ಇರುತ್ತೆ, ಮೈ ಒದ್ದೆಯಾಗುತ್ತೆ. ಪರವಾಗಿಲ್ಲ.

ಲೆಕ್ಕ ತಪ್ಪಿ ಕೆಟ್ಟ ಹೊತ್ತಿಗೇ ಬಂದಿರಿ ಅನ್ನಿ. ಒಳಗೆ ನುಗ್ಗಬೇಡಿ. ಹೊರಗಿನಿಂದ, ಅಲೆಯ ಬೆನ್ನ ಕಡೆಯಿಂದ ನೋಡಿದರೆ ಅದು ಯಾವಾಗಲೂ ಸಣ್ಣದಾಗಿಯೇ ಕಾಣುತ್ತೆ. ಹತ್ತು ನಿಮಿಷ ದೂರ ನಿಂತು ನೋಡಿ. ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಸ್ವಲ್ಪ ಬಿಡುವು ಕೊಡುತ್ತವೆ. ಬಿಳಿ ನೊರೆ ಎಲ್ಲಿ ಒಂದೇ ಸಮ ಇದೆಯೋ ಅಲ್ಲಿ ದಿಬ್ಬ. ದಾಟುವುದೇ ಅಂತಾದರೆ ಎಲ್ಲರೂ ಜಾಕೆಟ್ ಹಾಕಿ, ಮೂತಿಯಲ್ಲಿ ಕೂತವರನ್ನು ಹಿಂದಕ್ಕೆ ಕರೆಯಿರಿ, ಸಡಿಲ ಸಾಮಾನು ಕಟ್ಟಿ, ಎಂಜಿನ್ ನಿಲ್ಲಿಸುವ ದಾರವನ್ನು ಓಡಿಸುವವನ ಮಣಿಕಟ್ಟಿಗೆ ಸಿಕ್ಕಿಸಿ. ದೊಡ್ಡ ಗುಂಪಿನ ಕೊನೆಯ ಅಲೆ ಹೋದ ಕೂಡಲೇ ಅದರ ಬೆನ್ನು ಹಿಡಿದು ಹೋಗಿ. ಅದನ್ನು ದಾಟಿ ಮುಂದೆ ಹೋಗುವ ಆಸೆ ಬೇಡ. ಹಿಂದಿನಿಂದ ಅಲೆ ಬಂದರೆ ದೋಣಿಯ ಬೆನ್ನು ಅದಕ್ಕೆ ನೇರವಾಗಿರಬೇಕು. ನಡುವೆ ಹೆದರಿ ತಿರುಗಿಸಲು ಹೋದರೆ ಕೆಲಸ ಕೆಟ್ಟಿತು.

ದಾಟುವ ಧೈರ್ಯ ಬರಲಿಲ್ಲವೋ, ಎರಡು ದಾರಿ ಇದೆ. ಹೊರಗೆ ಆಳದಲ್ಲಿ ಲಂಗರು ಹಾಕಿ, ಇಳಿತ ಮುಗಿದು ನೀರು ಒಳಗೆ ತಿರುಗುವವರೆಗೆ ಕಾಯೋದು. ಕತ್ತಲಾಗುವ ಹಾಗಿದ್ದರೆ ಎರಡನೆಯದು: ತೆಂಕಿಗೆ ಹತ್ತು ಹನ್ನೆರಡು ಕಿಲೋಮೀಟರ್ ಹೋಗಿ ಮಲ್ಪೆ ಬಂದರು ಸೇರೋದು. ಅಲ್ಲಿ ತಡೆಗೋಡೆ ಇದೆ, ಆಳವಿದೆ. ಬಸ್ಸಿನಲ್ಲಿ ಮನೆಗೆ ಬಂದು ಮರುದಿನ ದೋಣಿ ತರಬಹುದು. ಹೀಗಾಗಿ ಪೆಟ್ರೋಲನ್ನು ಮಲ್ಪೆಯ ದೂರ ಸೇರಿಸಿಯೇ ತುಂಬಿಸಿಕೊಳ್ಳಿ.

ಎಂಜಿನ್ ಕೈಕೊಟ್ಟರೆ ಎಲ್ಲಿಗೆ ತೇಲುತ್ತೀರಿ ಅನ್ನೋದೂ ಗೊತ್ತಿರಲಿ. ನಮ್ಮ ಪಶ್ಚಿಮ ಕರಾವಳಿಯ ಉದ್ದಕ್ಕೆ ಹರಿಯುವ ದೊಡ್ಡ ಪ್ರವಾಹ ಮಳೆಗಾಲದಲ್ಲಿ ತೆಂಕಿಗೆ, ನವೆಂಬರಿನಿಂದ ಜನವರಿವರೆಗೆ ಬಡಗಿಗೆ. ದಂಡೆ ಹತ್ತಿರ ಗಾಳಿಯೂ ಉಬ್ಬರ ಇಳಿತವೂ ಸೇರಿ ಇದು ಬದಲಾಗುತ್ತೆ. ಹಾಗಾಗಿ ಗಾಳ ಹಾಕುವ ಜಾಗದಲ್ಲಿ ಎಂಜಿನ್ ನಿಲ್ಲಿಸಿ, ಜಿಪಿಎಸ್‌ನಲ್ಲಿ ಐದು ನಿಮಿಷಕ್ಕೆ ಎತ್ತ ಸರಿದಿರಿ ಅಂತ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಮಳೆಗಾಲದ ಬಗ್ಗೆ ಉದ್ದಕ್ಕೆ ಹೇಳಬೇಕಾಗಿಲ್ಲ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ ಇದೆ ಅಂತ ಆಗಸ್ಟ್ 1ಕ್ಕೆ ಕಡಲು ಸರಿಯಾಯಿತು ಅಂತಲ್ಲ, ಅದು ಮೀನಿನ ಸಂತಾನಕ್ಕಾಗಿ ಮಾಡಿದ ರಜೆ ಕೂಡ ಹೌದು. ನಿಮ್ಮಂಥ ದೋಣಿಗೆ ಸೆಪ್ಟೆಂಬರ್ ಮುಗಿಯುವವರೆಗೆ ಹೊಳೆಯೇ ಸಾಕು. ಘಟ್ಟದಲ್ಲಿ ಮಳೆ ಹೊಡೆದರೆ ಉಬ್ಬರದ ಹೊತ್ತಿನಲ್ಲೂ ನೀರು ಹೊರಗೇ ಹರಿಯುತ್ತಿರುತ್ತೆ, ಮೇಲಿನ ಲೆಕ್ಕ ಯಾವುದೂ ನಡೆಯುವುದಿಲ್ಲ. ಮೇ ತಿಂಗಳಲ್ಲಿ ಮತ್ತು ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಚಂಡಮಾರುತದ ಕಾಲ. 2017ರ ಒಖಿ ಒಂದೇ ದಿನದಲ್ಲಿ ಬಲಿತು ಕನ್ಯಾಕುಮಾರಿ, ಕೇರಳದ ಮೀನುಗಾರರನ್ನು ನಡು ಕಡಲಲ್ಲಿ ಹಿಡಿಯಿತು. 2021ರ ತೌಕ್ತೆ ನಮ್ಮ ದಂಡೆಯ ಪಕ್ಕದಲ್ಲೇ ಹಾದು ಹೋಯಿತು. ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಟ್ಟ ದಿನ, ಮುಂದೆ ಎಷ್ಟೇ ಶಾಂತ ಕಂಡರೂ, ಹೊರಡಬೇಡಿ.

ಕೊನೆಗೆ 25 ಎಚ್‌ಪಿ. ಹಾಕಬಹುದು, ದೋಣಿಯ ಹಿಂಬದಿಯ ಹಲಗೆ ಅದನ್ನು ತಡೆಯುವಷ್ಟು ಗಟ್ಟಿ ಇದ್ದರೆ. ಹಳೇ ಫೈಬರ್ ಅಂದಿರಿ, ಮೊದಲು ಅದನ್ನು ಬಡಿದು ನೋಡಿಸಿ, ಒಳಗಿನ ಮರ ಕೊಳೆತಿರುವುದು ಸಾಮಾನ್ಯ. ಅಲೆಯ ವೇಗಕ್ಕೆ ಸರಿಸಮ ಓಡುವಷ್ಟು ಶಕ್ತಿ ಸಿಕ್ಕರೆ ಅಳಿವೆಯಲ್ಲಿ ಅನುಕೂಲ ಇದೆ, ಸುಳ್ಳಲ್ಲ. ಆದರೆ ಹಿಂದೆ ಭಾರ ಜಾಸ್ತಿಯಾಗುತ್ತೆ, ಹಿಂದಿನಿಂದ ನೀರು ಒಳಗೆ ಬೀಳುವುದೂ ಸುಲಭವಾಗುತ್ತೆ. ನನ್ನನ್ನು ಕೇಳಿದರೆ ಆ ದುಡ್ಡಿನಲ್ಲಿ ನಾಲ್ಕು ಒಳ್ಳೆಯ ಜಾಕೆಟ್, ಉದ್ದ ಹಗ್ಗದ ಲಂಗರು, ಪರವಾನಗಿ ಮಾಡಿಸಿ ಒಂದು ವಿಎಚ್‌ಎಫ್ ರೇಡಿಯೋ ತೆಗೆದುಕೊಳ್ಳಿ. ತುರ್ತಿಗೆ ರೇಡಿಯೋದಲ್ಲಿ ಚಾನೆಲ್ 16, ಫೋನ್ ಸಿಗುವ ಕಡೆ ಕೋಸ್ಟ್ ಗಾರ್ಡಿನ 1554. ಹೊರಡುವಾಗ ದಂಡೆಯಲ್ಲಿ ಒಬ್ಬರಿಗಾದರೂ ಎಷ್ಟು ಹೊತ್ತಿಗೆ ಅಳಿವೆಗೆ ಬರುತ್ತೀರಿ ಅಂತ ಹೇಳಿ ಹೋಗಿ. ಅಂಗಡಿಯವರಾದರೂ ಸರಿ.